ಹೊಳವು ನೋಡಿ ಹಾರುವುದು

ನಮ್ಮ ಅಡಿಕೆ ತೋಟಕ್ಕೆ ಬರುವ ಕೊನೆಗೌಡ ಮರ ಹತ್ತುವ ಮೊದಲು ಮೂರು ಕೆಲಸ ಮಾಡುತ್ತಾನೆ. ಕಾಲಿಗೆ ಹಾಕುವ ತಳೆಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗುತ್ತಾನೆ. ಮರದ ಬುಡಕ್ಕೆ ಅಂಗೈ ಒತ್ತಿ ಎಷ್ಟು ತೇವವಿದೆ ಎಂದು ನೋಡುತ್ತಾನೆ. ಆಮೇಲೆ ಕೊಡಚಾದ್ರಿಯ ದಿಕ್ಕಿಗೆ ತಿರುಗಿ ಒಂದಷ್ಟು ಹೊತ್ತು ಆಕಾಶ ನೋಡುತ್ತಾ ನಿಲ್ಲುತ್ತಾನೆ. ಮೂರರಲ್ಲಿ ಒಂದು ಮನಸ್ಸಿಗೆ ಬಾರದಿದ್ದರೂ ಮುಗಿಯಿತು. "ಇವತ್ತು ಮರ ಜಾರ್ತದೆ ಭಟ್ರೇ, ನಾಳೆ ನೋಡುವ" ಎಂದು ತಳೆ ಬಿಚ್ಚಿ ಹೆಗಲಿಗೆ ಹಾಕಿಕೊಳ್ಳುತ್ತಾನೆ. ಕೊಳೆಮದ್ದು ಹೊಡೆಸಲು ಅಪ್ಪಯ್ಯ ಎಷ್ಟೇ ಅವಸರದಲ್ಲಿರಲಿ, ಮೈಲುತುತ್ತ ಸುಣ್ಣ ಕಲಸಿ ಡ್ರಮ್ಮು ತುಂಬಿಟ್ಟಿರಲಿ, ಅವನಿಗೆ ಎದುರಾಡಿದ್ದನ್ನು ನಾನು ನೋಡಿಲ್ಲ. ಐವತ್ತು ಅಡಿ ಮೇಲೆ ಹೋಗುವವನು ಅವನು. ಒಂದು ಮರದಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ, ನೆಲ ಮುಟ್ಟದೆ ದಾಟುವವನೂ ಅವನೇ.

ನನಗೆ ಈಗ ಇಪ್ಪತ್ತನಾಲ್ಕು. ಊರು ಹೊಸನಗರ ತಾಲ್ಲೂಕು, ಕೆಲಸ ಮೈಸೂರಿನಲ್ಲಿ ಕಂಪ್ಯೂಟರಿನ ಮುಂದೆ. ನನ್ನ ಬಳಿ ಖಾಸಗಿ ಪೈಲಟ್ ಲೈಸೆನ್ಸ್ ಇದೆ. ಊರಿಗೆ ಹೋದಾಗಲೆಲ್ಲ ಜನ ಕೇಳುತ್ತಾರೆ, "ಹಂಗಾದ್ರೆ ಯಾವ ಕಂಪನಿ ವಿಮಾನ?" ಯಾವ ಕಂಪನಿಯದೂ ಅಲ್ಲ. ಈ ಲೈಸೆನ್ಸ್ ಇಟ್ಟುಕೊಂಡು ಒಂದು ರೂಪಾಯಿ ದುಡಿಯುವಂತಿಲ್ಲ, ಅದು ಕಾನೂನು. ಸಂಬಳಕ್ಕೆ ಹಾರಿಸಬೇಕಾದರೆ ವಾಣಿಜ್ಯ ಲೈಸೆನ್ಸ್ ಬೇಕು, ಅದಕ್ಕೆ 200 ಗಂಟೆಯ ಹಾರಾಟ ಬೇಕು. ನನ್ನದು ಸುಮ್ಮನೆ ಹಾರುವುದಕ್ಕೆ. ಸಂಗೀತ ಕಲಿತವರೆಲ್ಲ ಕಛೇರಿ ಮಾಡುವುದಿಲ್ಲವಲ್ಲ, ಹಾಗೆ. ಆದರೆ ಕಲಿತವರು ದಿನಾ ಶ್ರುತಿ ಹಿಡಿದು ಕೂರುತ್ತಾರೆ, ಅದೂ ನಿಜ.

ನನ್ನ ಈ ಹಾರಾಟಕ್ಕೆ ಮೂಲ ಅಜ್ಜ. ಅವನ ಊರು ಸಾಗರ ತಾಲ್ಲೂಕಿನ ಮಡೆನೂರಿನ ಹತ್ತಿರ. ಅಲ್ಲಿ ಶರಾವತಿಗೆ 1948ರಲ್ಲೇ ಹಿರೇಭಾಸ್ಕರ ಅಣೆಕಟ್ಟು ಆಗಿತ್ತು. 1964ರಲ್ಲಿ ಲಿಂಗನಮಕ್ಕಿ ಕಟ್ಟಿದಾಗ ಆ ಹಳೆಯ ಅಣೆಕಟ್ಟೂ ಮುಳುಗಿತು, ಅಜ್ಜನ ಮನೆ, ತೋಟ, ದೇವರ ಕಟ್ಟೆಗಳೂ ಮುಳುಗಿದವು. ಸಿಕ್ಕಿದ ಸಾಮಾನು ಗಾಡಿಗೆ ಹೇರಿಕೊಂಡು ಈಚೆ ಬಂದವರ ಮೊಮ್ಮಗಳು ನಾನು. ಬೇಸಿಗೆಯ ಕೊನೆಗೆ ನೀರು ತೀರಾ ಇಳಿದಾಗ ಹಿರೇಭಾಸ್ಕರ ಮತ್ತೆ ಮೇಲೇಳುತ್ತದೆ, ಅದರ ದುಂಡನೆಯ ಸೈಫನ್‌ಗಳು ಕಾಣುತ್ತವೆ. ಒಮ್ಮೆ ಅಜ್ಜನ ಜೊತೆ ಆ ದಂಡೆಗೆ ಹೋಗಿದ್ದೆ. ಅವನು ಬಹಳ ಹೊತ್ತು ಕೈ ಅಡ್ಡ ಹಿಡಿದು ನೋಡಿ, "ಇಲ್ಲಿಂದ ಗೊತ್ತಾಗದಿಲ್ಲೆ ಕೂಸೇ. ಮ್ಯಾಲಿಂದ ನೋಡಿರೆ ನಮ್ಮನೆ ಅಂಗಳ ಇದ್ದಿದ್ದು ಎಲ್ಲಿ ಹೇಳಿ ಹೇಳ್ಲಕ್ಕು" ಅಂದ. ಅವನು ಮಾತಿಗೆ ಅಂದದ್ದು. ನಾನು ಅದನ್ನು ಹಾಗೆ ಬಿಡಲಿಲ್ಲ.

ಕಲಿಯಲು ಏನು ಬೇಕು ಎಂದು ಕೇಳುವ ಹುಡುಗ ಹುಡುಗಿಯರಿಗಾಗಿ ಒಂದಷ್ಟು ಲೆಕ್ಕ ಹೇಳುತ್ತೇನೆ. ವಿಮಾನಯಾನದ ಮೇಲ್ವಿಚಾರಣೆ ಡಿಜಿಸಿಎ ಎಂಬ ಸರ್ಕಾರಿ ಸಂಸ್ಥೆಯದು. ಹದಿನಾರು ತುಂಬಿದರೆ ವಿದ್ಯಾರ್ಥಿ ಪೈಲಟ್ ಆಗಬಹುದು, ಹದಿನೇಳಕ್ಕೆ ಖಾಸಗಿ ಲೈಸೆನ್ಸ್ ಪಡೆಯಬಹುದು. ಓದು ಹತ್ತನೇ ತರಗತಿ ಆಗಿದ್ದರೆ ಸಾಕು. ಕಣ್ಣು, ಕಿವಿ, ಹೃದಯ ಎಲ್ಲ ನೋಡುವ ವೈದ್ಯಕೀಯ ಪರೀಕ್ಷೆ ಇದೆ. ವಾಯು ನಿಯಮ, ದಾರಿ ಲೆಕ್ಕ, ಹವಾಮಾನ, ವಿಮಾನ ಮತ್ತು ಇಂಜಿನ್, ಇವಿಷ್ಟರ ಮೇಲೆ ಬರವಣಿಗೆಯ ಪರೀಕ್ಷೆ; ಪಾಸಾಗಲು ನೂರಕ್ಕೆ ಎಪ್ಪತ್ತು ಬೇಕು. ರೇಡಿಯೋದಲ್ಲಿ ಮಾತಾಡುವುದಕ್ಕೆ ಬೇರೆಯೇ ಪರವಾನಗಿ. ಹಾರಾಟ ಒಟ್ಟು 40 ಗಂಟೆ. ಅದರಲ್ಲಿ 20 ಗಂಟೆ ಒಬ್ಬರೇ, ಅಂದರೆ ಸೋಲೋ. ದೂರದ ನಿಲ್ದಾಣಗಳಿಗೆ ಒಬ್ಬರೇ ಹೋಗಿಬರುವ ಕ್ರಾಸ್ ಕಂಟ್ರಿ ಐದು ಗಂಟೆಯಾದರೂ ಇರಬೇಕು, ಅದರಲ್ಲಿ ಒಂದು ಹಾರಾಟ 150 ನಾಟಿಕಲ್ ಮೈಲಿಯದು. ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿಲೋಮೀಟರು. ಖರ್ಚು ಒಂದು ಒಳ್ಳೆಯ ಕಾರಿನಷ್ಟು. ನಾನು ಕಾರು ಕೊಳ್ಳಲಿಲ್ಲ, ಮೂರು ವರ್ಷ ಸಂಬಳದಲ್ಲಿ ಉಳಿಸಿದೆ, ಒಂದಷ್ಟು ಸಾಲ ಮಾಡಿದೆ. ತೋಟದ ದುಡ್ಡು ಮುಟ್ಟಲಿಲ್ಲ. ಈ ಕಲಿಕೆ ಬಡವರ ಮಕ್ಕಳಿಗೆ ಇವತ್ತಿಗೂ ಎಟುಕುವುದಿಲ್ಲ. ಅದು ನನ್ನನ್ನು ಕಾಡುವ ವಿಷಯ.

ಎಟುಕುವಂತೆ ಮಾಡಬೇಕೆಂದು ಹೊರಟ ಕಾಲವೊಂದಿತ್ತು, ಅದೂ ನಮ್ಮ ರಾಜ್ಯದಲ್ಲೇ. ಬೆಂಗಳೂರಿನ ಜಕ್ಕೂರಿನಲ್ಲಿ 1940ರ ದಶಕದ ಕೊನೆಗೆ ಸರ್ಕಾರಿ ವಿಮಾನ ತರಬೇತಿ ಶಾಲೆ ಶುರುವಾಯಿತು. ಅಲ್ಲಿಂದ ಮೊದಲು ಕಲಿತು ಹೊರಬಂದವರು ಒಬ್ಬ ಹೆಣ್ಣುಮಗಳು, ಉಷಾ ಸುಂದರಂ. ಅದು 1949. ಅವರ ಪತಿ ವಿ. ಸುಂದರಂ ಆ ಶಾಲೆಯ ಮುಖ್ಯಸ್ಥರಾಗಿದ್ದರು. ಹತ್ತು ವರ್ಷದೊಳಗೆ, 1958ರ ಸೆಪ್ಟೆಂಬರಿನಲ್ಲಿ, ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಿಂದ ಪುಷ್ಪಕ್ ಎಂಬ ಪುಟ್ಟ ವಿಮಾನ ಮೇಲೆದ್ದಿತು. ಇಬ್ಬರು ಕೂರುವಂಥದ್ದು, ಬಟ್ಟೆ ಹೊದಿಸಿದ್ದು, 90 ಅಶ್ವಶಕ್ತಿಯದು. ಸುಮಾರು 160 ಪುಷ್ಪಕ್‌ಗಳು ತಯಾರಾಗಿ ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗೆ ಹೋದವು. ಹವ್ಯಾಸಕ್ಕೆ ಹಾರುವವರಿಗಾಗಿ ಇಲ್ಲೇ ವಿಮಾನ ಕಟ್ಟಿದ್ದ ನಾಡು ನಮ್ಮದು. 1993ರಲ್ಲಿ ಮೊದಲು ಹಾರಿದ, ಎನ್‌ಎಎಲ್ ಸಂಸ್ಥೆಯ ಹಂಸ ವಿಮಾನ ಆ ದಾರಿಯಲ್ಲೇ ಬಂದದ್ದು.

ನಾನು ಕಲಿತದ್ದು ಮೈಸೂರಿನ ಮಂಡಕಳ್ಳಿಯಲ್ಲಿ, ಸೆಸ್ನಾ 152ರಲ್ಲಿ. ಕೂತರೆ ಪಕ್ಕದವರ ಮೊಣಕೈ ನಮ್ಮ ಮೊಣಕೈಗೆ ತಾಗುತ್ತದೆ. 110 ಅಶ್ವಶಕ್ತಿಯ ಇಂಜಿನ್, ರೆಕ್ಕೆಯ ತುದಿಯಿಂದ ತುದಿಗೆ ಹತ್ತು ಮೀಟರು ಚಿಲ್ಲರೆ. ಇಬ್ಬರು ಜನ, ಪೂರ್ತಿ ಇಂಧನ ಎಲ್ಲ ಸೇರಿ 757 ಕಿಲೋ ದಾಟುವಂತಿಲ್ಲ. ನಮ್ಮೂರಲ್ಲಿ ಅಡಿಕೆ ಸಾಗಿಸುವ ಜೀಪು ಇದಕ್ಕಿಂತ ಎಷ್ಟೋ ಭಾರ.

ಮೊದಲ ಹತ್ತು ದಿನ ನನಗೆ ಹಾರಾಟಕ್ಕಿಂತ ಹೆಚ್ಚು ಹಿಡಿಸಿದ್ದು ಹಾರುವ ಮುಂಚಿನ ತಪಾಸಣೆ. ಕೈಯಲ್ಲಿ ಪಟ್ಟಿ ಹಿಡಿದು ವಿಮಾನಕ್ಕೆ ಒಂದು ಪ್ರದಕ್ಷಿಣೆ. ಪ್ರತಿ ಹಿಂಜು, ಪ್ರತಿ ಮೊಳೆ ಮುಟ್ಟಿ ನೋಡಬೇಕು. ರೆಕ್ಕೆಯ ಕೆಳಗಿನ ನಳಿಕೆಯಿಂದ ಒಂದಿಷ್ಟು ಪೆಟ್ರೋಲನ್ನು ಪಾರದರ್ಶಕ ಲೋಟಕ್ಕೆ ಬಸಿದು ಬೆಳಕಿಗೆ ಹಿಡಿಯಬೇಕು. ವಿಮಾನದ ಪೆಟ್ರೋಲಿಗೆ ತಿಳಿನೀಲಿ ಬಣ್ಣ ಹಾಕಿರುತ್ತಾರೆ. ನೀರು ಸೇರಿದ್ದರೆ ಅದು ಪೆಟ್ರೋಲಿಗಿಂತ ಭಾರವಾದ್ದರಿಂದ ತಳದಲ್ಲಿ ಬಣ್ಣವಿಲ್ಲದ ಗುಳ್ಳೆಯಾಗಿ ಕೂರುತ್ತದೆ. ಮಳೆಗಾಲದ ಬೆಳಗಿನಲ್ಲಿ ಎರಡು ಸಲ ಅಂಥ ಗುಳ್ಳೆ ಕಂಡಿದ್ದೇನೆ. ಪೂರ್ತಿ ಹೋಗುವವರೆಗೆ ಬಸಿದೆ. ಎಡ ರೆಕ್ಕೆಯ ಕೆಳಗೆ ಪಿಟೋ ಎಂಬ ಸಣ್ಣ ಕೊಳವೆ ಇದೆ. ಅದರೊಳಗೆ ನುಗ್ಗುವ ಗಾಳಿಯ ಒತ್ತಡದಿಂದಲೇ ವೇಗ ಎಷ್ಟೆಂದು ಮುಳ್ಳು ತೋರಿಸುತ್ತದೆ. ನಮ್ಮ ಮನೆಯ ಪ್ಲಗ್ಗಿನ ತೂತು, ಬೀಗದ ಕಿಂಡಿಗಳಿಗೆ ಮಣ್ಣು ಮೆತ್ತುವ ಕುಂಬಾರನ ಹುಳಕ್ಕೆ ಇಂಥ ಕೊಳವೆ ಬಹಳ ಇಷ್ಟ. ಅದು ಗೂಡು ಕಟ್ಟಿದ್ದರೆ ಮುಳ್ಳು ಸುಳ್ಳು ಹೇಳುತ್ತದೆ. ಅದಕ್ಕೇ ವಿಮಾನ ನಿಂತಾಗಲೆಲ್ಲ ಆ ಕೊಳವೆಗೆ ಮುಸುಕು ಹಾಕುವುದು, ಹಾರುವ ಮೊದಲು ಮುಸುಕು ತೆಗೆದು ಕಣ್ಣಿಟ್ಟು ನೋಡುವುದು. ನಾನು ಅಲ್ಲಿ ಬಗ್ಗಿದಾಗೆಲ್ಲ ತಳೆ ಜಗ್ಗುವ ಎರಡು ಕೈ ಕಣ್ಣ ಮುಂದೆ ಬರುತ್ತವೆ.

"ಮ್ಯಾಲೆ ಹೋದಮೇಲೆ ಇಂಜಿನ್ನು ನಿಂತ್ರೆ ಎಂತ ಮಾಡ್ತೆ?" ಇದು ಅಜ್ಜನ ಮೊದಲ ಪ್ರಶ್ನೆ. ಎಲ್ಲರ ಮೊದಲ ಪ್ರಶ್ನೆಯೂ ಇದೇ.

ಇಂಜಿನ್ ನಿಂತರೆ ವಿಮಾನ ಕಲ್ಲಿನಂತೆ ಬೀಳುವುದಿಲ್ಲ. ಅದನ್ನು ಎತ್ತಿ ಹಿಡಿದಿರುವುದು ರೆಕ್ಕೆ. ರೆಕ್ಕೆಯ ಮೇಲೆ ಕೆಳಗೆ ಗಾಳಿ ಹರಿಯುತ್ತಿರಬೇಕು, ಅಷ್ಟೇ. ಇಂಜಿನ್ ಇಲ್ಲದಾಗ ಮೂತಿಯನ್ನು ತುಸು ಬಗ್ಗಿಸಿ ಎತ್ತರವನ್ನು ಕೊಟ್ಟು ವೇಗ ಪಡೆಯುತ್ತೇವೆ. 60 ನಾಟ್, ಅಂದರೆ ಗಂಟೆಗೆ ಸುಮಾರು 110 ಕಿಲೋಮೀಟರ್ ವೇಗ ಹಿಡಿದರೆ ಸೆಸ್ನಾ 152 ಪ್ರತಿ ಸಾವಿರ ಅಡಿ ಎತ್ತರಕ್ಕೆ ಒಂದೂವರೆ ನಾಟಿಕಲ್ ಮೈಲಿಯಷ್ಟು ಮುಂದಕ್ಕೆ ತೇಲುತ್ತದೆ. ನೆಲದಿಂದ ಮೂರು ಸಾವಿರ ಅಡಿ ಮೇಲಿದ್ದರೆ ಎಂಟು ಕಿಲೋಮೀಟರ್ ದೂರದ ಗದ್ದೆಯೂ ನಮ್ಮದೇ. ಮಂಡ್ಯದ ಬಯಲಿನ ಮೇಲೆ ಇದು ಸಮಾಧಾನದ ಮಾತು. ನಮ್ಮೂರಿನ ಮೇಲೆ ಅಲ್ಲ. ಹೊಸನಗರ, ತೀರ್ಥಹಳ್ಳಿ, ಸಾಗರದ ನೆಲವನ್ನು ನೆನೆಸಿಕೊಳ್ಳಿ: ಗುಡ್ಡ, ಗುಡ್ಡದ ಮಧ್ಯೆ ಕಣಿವೆ, ಕಣಿವೆಯಲ್ಲಿ ತೋಟ, ತೋಟದ ಪಕ್ಕ ಅಂಗೈಯಗಲದ ಗದ್ದೆ, ಉಳಿದದ್ದು ಕಾಡು ಇಲ್ಲವೇ ಹಿನ್ನೀರು. ಇಳಿಯಲು ಜಾಗ ಎಲ್ಲಿ? ಹಾರಲು ಕಲಿತವರು ಕಿಟಕಿಯಾಚೆ ನೋಡುವ ರೀತಿಯೇ ಬದಲಾಗಿಬಿಡುತ್ತದೆ. ಬಸ್ಸಿನಲ್ಲಿ ಕೂತಾಗಲೂ ನಾನು ಗದ್ದೆಗಳ ಉದ್ದ ಅಳೆಯುತ್ತಿರುತ್ತೇನೆ.

ಅಪಾಯದ್ದು ಇನ್ನೊಂದಿದೆ, ಸ್ಟಾಲ್. ಹೆಸರು ಕೇಳಿ ಇಂಜಿನ್ ನಿಲ್ಲುವುದು ಎಂದುಕೊಳ್ಳುತ್ತಾರೆ. ಅಲ್ಲ. ಮೂತಿಯನ್ನು ಅತಿಯಾಗಿ ಎತ್ತಿದರೆ ಗಾಳಿ ರೆಕ್ಕೆಯ ಮೈಗೆ ಅಂಟಿಕೊಂಡು ಹರಿಯುವುದನ್ನು ಬಿಟ್ಟು ಚದುರುತ್ತದೆ, ಎತ್ತುವ ಬಲ ಕುಸಿಯುತ್ತದೆ. ಸೆಸ್ನಾದಲ್ಲಿ ಆ ಗಳಿಗೆ ಹತ್ತಿರವಾದಾಗ ಪೀಪಿ ಊದಿದಂಥ ಸದ್ದು ಬರುತ್ತದೆ. ಅದಕ್ಕೆ ಕರೆಂಟು ಬೇಡ. ರೆಕ್ಕೆಯ ಮುಂಚೂಣಿಯ ಸಣ್ಣ ಕಿಂಡಿಯಲ್ಲಿ ಒತ್ತಡ ಇಳಿದು, ಗಾಳಿಯನ್ನು ಹೀರಿಕೊಂಡೇ ಕೂಗುತ್ತದೆ. ಆಗ ಮೂತಿಯನ್ನು ಕೆಳಗೆ ಬಿಡಬೇಕು. ಬೀಳುತ್ತಿರುವಾಗ ಎಳೆದು ಹಿಡಿಯುವ ಬದಲು ಕೆಳಗೆ ಬಿಡುವುದನ್ನು ಕೈಗೆ ಕಲಿಸಲು ನನಗೆ ಹಿಡಿದದ್ದು ಒಂದು ತಿಂಗಳು.

ಹಾರಾಟದ ಹದಿನಾರನೆಯ ಗಂಟೆಯಲ್ಲಿ ತಪ್ಪು ಮಾಡಿದೆ. ಇಳಿಯುವಾಗ 60 ನಾಟ್‌ನ ಆಸುಪಾಸಿನಲ್ಲಿ ಬರಬೇಕಾದವಳು 72ರಲ್ಲಿ ಬಂದೆ. ಹೆಚ್ಚಿನ ವೇಗದಲ್ಲಿ ರೆಕ್ಕೆ ಇನ್ನೂ ಹಾರುತ್ತಲೇ ಇರುತ್ತದೆ, ನೆಲಕ್ಕೆ ಒಪ್ಪುವುದಿಲ್ಲ. ನಾನು ಬಲವಂತದಿಂದ ಒತ್ತಿದೆ. ಚಕ್ರ ತಾಗಿ ಪುಟಿಯಿತು, ಮತ್ತೆ ಒತ್ತಿದೆ, ಇನ್ನೂ ಜೋರಾಗಿ ಪುಟಿಯಿತು. ಇನ್‌ಸ್ಟ್ರಕ್ಟರ್ ಕೈಹಾಕಿ ಪೂರ್ತಿ ಥ್ರಾಟಲ್ ಕೊಟ್ಟು ಮೇಲಕ್ಕೆ ಒಯ್ದರು. ಮೂರನೆಯ ಸಲ ಪುಟಿದಿದ್ದರೆ ಮುಂದಿನ ಚಕ್ರ ಮುರಿದು ಪ್ರೊಪೆಲ್ಲರ್ ನೆಲಕ್ಕೆ ಬಡಿಯುತ್ತಿತ್ತು. ಅವರು ಬೈಯಲಿಲ್ಲ. "ಸರಿಯಿಲ್ಲ ಅನ್ನಿಸಿದ ಕ್ಷಣ ಬಿಟ್ಟು ಮೇಲೆ ಹೋಗಬೇಕಮ್ಮ. ಇಳಿಯಲೇಬೇಕು ಅಂತ ಯಾರು ಹೇಳಿದ್ದು?" ಅಂದರು.

ಒಬ್ಬಳೇ ಹಾರಿದ ದಿನ ಬೆಳಗ್ಗೆ ಗಾಳಿಯೇ ಇರಲಿಲ್ಲ. ಇನ್‌ಸ್ಟ್ರಕ್ಟರ್ ಬಾಗಿಲು ತೆರೆದು ಇಳಿದು, ಬೆಲ್ಟನ್ನು ಖಾಲಿ ಸೀಟಿಗೆ ಬಿಗಿದು, ಒಂದು ಸುತ್ತು ಬಾ ಎಂದು ಹೋದರು. ಅವರ ತೂಕವಿಲ್ಲದ ವಿಮಾನ ನಾನು ಎಣಿಸಿದ್ದಕ್ಕಿಂತ ಬೇಗ ನೆಲ ಬಿಟ್ಟಿತು. ಸಾವಿರ ಅಡಿ ಮೇಲೆ ರನ್‌ವೇಗೆ ಸಮಾನಾಂತರವಾಗಿ ಹೋಗುವಾಗ ಎಡಕ್ಕೆ ಚಾಮುಂಡಿ ಬೆಟ್ಟವೋ ಬಲಕ್ಕೋ, ನನಗೆ ನೆನಪಿಲ್ಲ. ನೆನಪಿರುವುದು ಪಕ್ಕದ ಖಾಲಿ ಸೀಟು, ಮತ್ತು ನಾನು ಗಟ್ಟಿಯಾಗಿ ಪಟ್ಟಿ ಓದುತ್ತಿದ್ದದ್ದು. ಅದು ಆರು ನಿಮಿಷದ ಹಾರಾಟ. ಇಳಿದ ಮೇಲೆ ಇಂಜಿನ್ ಆರಿಸಿ, ಕೀಲಿ ತೆಗೆದು, ಅಲ್ಲೇ ಕೂತೆ.

ಶಿವಮೊಗ್ಗಕ್ಕೆ ಹೋಗುವ ಮಾತು ಬಂದದ್ದು ಅದಾಗಿ ಎರಡು ತಿಂಗಳಿಗೆ. ಸೋಗಾನೆಯಲ್ಲಿ 2023ರ ಫೆಬ್ರವರಿ 27ರಂದು ಉದ್ಘಾಟನೆಯಾದ ನಿಲ್ದಾಣ ಅದು, ಕುವೆಂಪು ಅವರ ಹೆಸರಿನದು. ರನ್‌ವೇ 3.2 ಕಿಲೋಮೀಟರು, ನಮ್ಮ ಸೆಸ್ನಾಕ್ಕೆ ಅದರ ಕಾಲುಭಾಗವೂ ಬೇಡ. ಮಂಡಕಳ್ಳಿಯಿಂದ ನೇರ ಗೆರೆ ಎಳೆದರೆ ಸುಮಾರು 115 ನಾಟಿಕಲ್ ಮೈಲಿ, ಒಂದು ಗಂಟೆ ಹದಿನೈದು ನಿಮಿಷ. ಇನ್‌ಸ್ಟ್ರಕ್ಟರ್ ಜೊತೆಗಿನ ಅಭ್ಯಾಸದ ಹಾರಾಟ. ಲಿಂಗನಮಕ್ಕಿಯ ಹಿನ್ನೀರಿನ ಮೇಲೆ ಹೋಗುವ ಅನುಮತಿ ಅದರಲ್ಲಿಲ್ಲ. ಎಲ್ಲಿಂದ ಎಲ್ಲಿಗೆ, ಯಾವ ಎತ್ತರದಲ್ಲಿ ಎಂದು ಮೊದಲೇ ಬರೆದುಕೊಡಬೇಕು, ವಾಯುಪಡೆಯ ಒಪ್ಪಿಗೆ ಸಂಖ್ಯೆ ಸಿಗಬೇಕು. ಮನಸ್ಸು ಬಂದ ಕಡೆ ತಿರುಗಿಸಲಾಗದು. ಆದರೆ ಆರೂವರೆ ಸಾವಿರ ಅಡಿಯಿಂದ, ತಿಳಿಯಾದ ಬೆಳಗಿನಲ್ಲಿ, ಎಪ್ಪತ್ತು ಎಂಬತ್ತು ಕಿಲೋಮೀಟರ್ ಆಚೆಗಿನ ನೀರು ಹೊಳೆಯುವುದಾದರೂ ಕಂಡೀತು. ಅದು ಮೇ ತಿಂಗಳ ಕೊನೆಯ ವಾರ. ನೀರು ತಳ ಕಂಡಿರುವ ಕಾಲ. ಹಿಂದಿನ ರಾತ್ರಿ ಅಜ್ಜನಿಗೆ ಫೋನ್ ಮಾಡಿ ಹೇಳಿದೆ.

ಬೆಳಗ್ಗೆ ಏಳಕ್ಕೆ ನೆಲ ಬಿಟ್ಟೆವು. ಬಲಕ್ಕೆ ಕನ್ನಂಬಾಡಿ ಕಟ್ಟೆ. ಎಡಕ್ಕೆ ದೂರದಲ್ಲಿ ಹೇಮಾವತಿಯ ಹಿನ್ನೀರು, ಅದರ ಅಂಚಿನಲ್ಲಿ ಗೊರೂರು. ಸಾಮಾನ್ಯರಿಗೆ ಕಡಿಮೆ ದರದಲ್ಲಿ ವಿಮಾನದ ಟಿಕೆಟ್ ಕೊಡುತ್ತಿದ್ದ ಏರ್ ಡೆಕ್ಕನ್ನನ್ನು 2003ರಲ್ಲಿ ಹಾರಿಸಿದ ಕ್ಯಾಪ್ಟನ್ ಗೋಪಿನಾಥ್ ಅವರ ಊರು. ಹಾಸನ ಕಳೆದು ಹಳೇಬೀಡಿನ ಕೆರೆ ಕೆಳಗೆ ಬಂದಾಗ ಲೆಕ್ಕಕ್ಕಿಂತ ಎರಡು ನಿಮಿಷ ತಡವಾಗಿದ್ದೆವು. ಎದುರುಗಾಳಿ. ಎಡಕ್ಕೆ ಮುಳ್ಳಯ್ಯನಗಿರಿ ಕಂಡಿತು, ಅದರ ನೆತ್ತಿ ಸುಮಾರಾಗಿ ನಮ್ಮದೇ ಎತ್ತರದಲ್ಲಿ. ಅದರಾಚೆ ಏನೂ ಕಾಣಲಿಲ್ಲ. ಬೆಟ್ಟದ ಸಾಲಿನ ಹಿಂದೆ ಬೂದು ಬಣ್ಣದ ಗೋಡೆ ನಿಂತಿತ್ತು; ಅದರ ತುಣುಕುಗಳು ಬಾಬಾಬುಡನ್ ಗಿರಿಯ ಕಣಿವೆಗಳಿಂದ ಈಚೆ ಸೋರುತ್ತಿದ್ದವು.

ಇಂಜಿನ್ನಿನ ಸದ್ದು ಸ್ವಲ್ಪ ಬದಲಾದಂತೆ ಕೇಳಿಸಿತು. ಮುಳ್ಳು ನೋಡಿದರೆ ಸುತ್ತುಗಳು ನೂರು ಇಳಿದಿವೆ, ನಾನು ಥ್ರಾಟಲ್ ಮುಟ್ಟಿಲ್ಲ. ಕಾರ್ಬ್ಯುರೇಟರಿನಲ್ಲಿ ಮಂಜುಗಡ್ಡೆ! ನಮ್ಮ ಸೆಕೆಯ ನಾಡಿನಲ್ಲಿ ಮಂಜುಗಡ್ಡೆಯೇ ಎಂದು ಪಾಠ ಓದುವಾಗ ನಾನೂ ನಂಬಿರಲಿಲ್ಲ. ಕಿರಿದಾದ ಗಂಟಲಿನಲ್ಲಿ ಗಾಳಿ ನುಗ್ಗುವಾಗ, ಪೆಟ್ರೋಲು ಆವಿಯಾಗುವಾಗ, ಅಲ್ಲಿನ ಉಷ್ಣತೆ ಇಪ್ಪತ್ತು ಡಿಗ್ರಿಗೂ ಹೆಚ್ಚು ಇಳಿಯಬಹುದು. ಹೊರಗೆ ಹದಿನೆಂಟು ಇಪ್ಪತ್ತು ಡಿಗ್ರಿ ಇದ್ದು ಗಾಳಿ ಒದ್ದೆಯಾಗಿದ್ದರೆ ಒಳಗೆ ಹಿಮ ಕಟ್ಟುತ್ತದೆ. ನಮ್ಮ ಮಲೆನಾಡಿನ ಗಾಳಿ ಅದಕ್ಕೆ ಹೇಳಿ ಮಾಡಿಸಿದ್ದು. ಬಿಸಿಗಾಳಿ ಬಿಡುವ ಗುಬುಟು ಎಳೆದೆ. ಕರಗಿದ ನೀರು ಕುಡಿದು ಇಂಜಿನ್ ಮೊದಲಿಗಿಂತ ಒರಟಾಗಿ ಕೆಮ್ಮಿತು. ಆ ಹತ್ತು ಸೆಕೆಂಡು ಗುಬುಟನ್ನು ಮತ್ತೆ ಒಳಗೆ ತಳ್ಳಬೇಕು ಅನ್ನಿಸುತ್ತದೆ, ತಳ್ಳಬಾರದು. ಆಮೇಲೆ ಸದ್ದು ಸರಿಹೋಯಿತು.

ಶಿವಮೊಗ್ಗ ರೇಡಿಯೋದಲ್ಲಿ ಸಿಕ್ಕಿತು. ಮಳೆ, ಗೋಚರತೆ ಇಳಿಯುತ್ತಿದೆ ಎಂದರು. ಕಣ್ಣಿನಿಂದ ನೋಡಿ ಹಾರುವ ನಮ್ಮಂಥವರಿಗೆ ಐದು ಕಿಲೋಮೀಟರಿನಷ್ಟಾದರೂ ಮುಂದೆ ಕಾಣಬೇಕು, ಮೋಡದಿಂದ ಅಡ್ಡಕ್ಕೆ ಒಂದೂವರೆ ಕಿಲೋಮೀಟರು, ಮೇಲೆ ಕೆಳಗೆ ಸಾವಿರ ಅಡಿ ದೂರ ಇರಬೇಕು. ಸುಮ್ಮನೆ ಮಾಡಿದ ನಿಯಮವಲ್ಲ. ಮೋಡದೊಳಗೆ ದಿಗಂತ ಕಳೆದುಹೋದರೆ ಕಿವಿಯೊಳಗಿನ ಸಮತೋಲನದ ದ್ರವ ಸುಳ್ಳು ಹೇಳತೊಡಗುತ್ತದೆ. ತಿರುಗುತ್ತಿದ್ದರೂ ನೆಟ್ಟಗಿದ್ದೇನೆ ಅನ್ನಿಸುತ್ತದೆ. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ, ಉಪಕರಣ ನೋಡಿ ಹಾರಲು ಬಾರದ ಇಪ್ಪತ್ತು ಜನರಿಗೆ ಹೊರಗೆ ಕಾಣದಂತೆ ಮಾಡಿ ನೋಡಿದ್ದರು. ಹತೋಟಿ ತಪ್ಪಲು ಅವರು ತೆಗೆದುಕೊಂಡ ಸರಾಸರಿ ಸಮಯ 178 ಸೆಕೆಂಡು. ಮೂರು ನಿಮಿಷವೂ ಇಲ್ಲ.

ಬಲಗಡೆ ಬೀರೂರು. ತರೀಕೆರೆ ಇನ್ನೂ ಮುಂದಿತ್ತು. ಮೋಡದ ತಳಕ್ಕೂ ನೆಲಕ್ಕೂ ನಡುವೆ ಒಂದು ಬೆಳಕಿನ ಸೀಳು ಕಾಣುತ್ತಿತ್ತು. ಕೆಳಗಿಳಿದು ಅದರಲ್ಲಿ ನುಸುಳಿದರೆ ಹದಿನೈದು ನಿಮಿಷದಲ್ಲಿ ಸೋಗಾನೆ. ಇನ್‌ಸ್ಟ್ರಕ್ಟರ್ ಏನೂ ಹೇಳದೆ ಕೂತಿದ್ದರು, ಕೈ ಮಡಿಲಲ್ಲಿ. ನಿರ್ಧಾರ ನನ್ನದೇ ಎಂಬುದಕ್ಕೆ ಅದೇ ಸೂಚನೆ. ಆ ಸೀಳನ್ನೇ ನೋಡುತ್ತಾ ನಾನು ಎಣಿಸಿದ್ದು ಇಷ್ಟು: ನಮ್ಮ ಕಡೆ ಇಂಥದ್ದನ್ನು ಹೊಳವು ಎನ್ನುತ್ತಾರೆ. ಮಳೆ ಮಧ್ಯೆ ಒಂದು ಗಳಿಗೆ ಬಿಡುವು ಕೊಟ್ಟು ಬಿಸಿಲು ಇಣುಕುವುದು. ಹೊಳವಾಯಿತೆಂದು ಅಂಗಳಕ್ಕೆ ಅಡಿಕೆ ಹರವಿದವರು ಓಡಿ ಬಂದು ರಾಶಿ ಮಾಡುವುದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ಅಂಗಳವಾದರೆ ಓಡಬಹುದು.

"ವಾಪಸ್ ಹೋಗೋಣ ಸರ್" ಅಂದೆ. ಅವರು ತಲೆಯಾಡಿಸಿದರು. ಬಲಕ್ಕೆ, ಬಿಸಿಲಿನ ಕಡೆಗೆ, ನಿಧಾನವಾಗಿ ತಿರುಗಿಸಿದೆ. ಎರಡು ಗಂಟೆಗೂ ಹೆಚ್ಚಿನ ಇಂಧನ ಉಳಿದಿತ್ತು. ಮೈಸೂರು ಮುಟ್ಟುವವರೆಗೆ ನಾವಿಬ್ಬರೂ ಹೆಚ್ಚು ಮಾತಾಡಲಿಲ್ಲ.

ವಿಮಾನ ಕಟ್ಟಿಹಾಕಿ, ಪಿಟೋ ಕೊಳವೆಗೆ ಮುಸುಕು ಹಾಕಿ, ಮರದ ನೆರಳಿಗೆ ಬಂದು ಫೋನ್ ಮಾಡಿದೆ. ಅಜ್ಜನೇ ಎತ್ತಿಕೊಂಡ.

"ಕಂಡ್ತನೇ ಕೂಸೇ?"

"ಇಲ್ಲೆ ಅಜ್ಜ. ಬರೀ ಮೋಡ. ಶಿವಮೊಗ್ಗಕ್ಕೂ ಹೋಗ್ಲಿಲ್ಲೆ, ಅರ್ಧ ದಾರಿಂದ ವಾಪಸ್ ಬಂದ್ಯ."

ಫೋನಿನಲ್ಲಿ ಹಂಚಿನ ಮೇಲೆ ಮಳೆ ಬೀಳುವ ಸದ್ದು ಕೇಳುತ್ತಿತ್ತು. "ಇಲ್ಲೂ ಬೆಳಿಗ್ಗಿಂದ ಹೊಯ್ತಾ ಇದ್ದು" ಅಂದ ಅಜ್ಜ. "ಕೊನೆಗೌಡನೂ ಎರಡು ಮರ ಹತ್ತಿ ಇಳ್ದ. ಮದ್ದು ಡ್ರಮ್ಮಿನಲ್ಲೇ ಇದ್ದು. ಇಲ್ಲೇ ಜಗಲಿ ಮೇಲೆ ಕೂತು ಚಾ ಕುಡೀತಾ ಇದ್ದ. ಮಾತಾಡ್ತ್ಯ?"

ಮಾತಾಡ್ತೆ, ಕೊಡು ಅಂದೆ.